ಎಣ್ಣೆ ಮುಗಿಯುತ್ತದೆ, ನೀರು ಮುಗಿಯುತ್ತದೆ ಅಂತ ದಿನಾ ಜಗಳ: ನೀವು ಮನೆಯಲ್ಲಿ ಎಂತ ಮಾಡಿದಿರಿ?

ಸಂತೆಕಟ್ಟೆ ಹೊಸಮನೆ ಕೇಳಿದ್ದು:
ಸಂತೆಕಟ್ಟೆಯಲ್ಲಿ ಎಂಟು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟುತ್ತಿದ್ದೇವೆ. ತಾರಸಿ ಆಗಿದೆ. ಕೈಯಲ್ಲಿ ಉಳಿದದ್ದು ಮೂರೂವರೆ ಲಕ್ಷ. ನಮ್ಮ ಕುಟುಂಬದ ವಾಟ್ಸಾಪ್‌ನಲ್ಲಿ ಎರಡು ವರ್ಷದಿಂದ ಒಂದೇ ಜಗಳ. ಭಾವ ಹೇಳುವುದು, ಪೆಟ್ರೋಲ್ ಇನ್ನು 50 ವರ್ಷಕ್ಕೆ ಖಾಲಿ, ತಾಮ್ರ ಖಾಲಿ, ಹೊಯಿಗೆ (ಮರಳು) ಖಾಲಿ, ಈಗಲೇ ತಯಾರಾಗಿ. ದೊಡ್ಡಪ್ಪ ಹೇಳುವುದು, ನಾನು ಕಾಲೇಜಿಗೆ ಹೋಗುವಾಗಲೂ ಇದೇ ಹೇಳುತ್ತಿದ್ದರು, ಸುಮ್ನಿರು. ಪ್ರತಿ ಭಾನುವಾರ ಅದೇ ಮಾತು, ಅದೇ ವಿಡಿಯೋ. ನನಗೆ ಬೇಕಾದ್ದು ಇಷ್ಟೇ. ಮೊದಲು ಸೋಲಾರ್ ಹಾಕುವುದಾ, ಬಾವಿಗೆ ಮಳೆನೀರು ಬಿಡುವುದಾ? ಬಾವಿ 32 ಅಡಿ. ಮೇಯಲ್ಲಿ ತಳದಲ್ಲಿ ನಾಲ್ಕು ಕೊಡ ನೀರು. ಮಾಡಿದವರು ಹೇಳಿ.

ಪಡುಬಿದ್ರಿ ಬಿಸಿಲು:
ಸೋಲಾರ್. ಯೋಚನೆಯೇ ಬೇಡ. ನಮ್ಮ ತಾರಸಿಯಿಂದ ನಂದಿಕೂರಿನ ಕರೆಂಟು ಸ್ಥಾವರದ ಚಿಮಣಿ ಕಾಣುತ್ತದೆ. 1200 ಮೆಗಾವ್ಯಾಟ್, ಕಲ್ಲಿದ್ದಲು ಬರುವುದು ಹೊರದೇಶದಿಂದ ಹಡಗಿನಲ್ಲಿ. ಹಡಗು ನಿಂತರೆ ಎಂತ ಮಾಡುವುದು ಅಂತ ನಾನೂ ನಿಮ್ಮ ಭಾವನ ಹಾಗೆಯೇ ಮಂಡೆಬಿಸಿ ಮಾಡಿಕೊಂಡವನು. 2024ರಲ್ಲಿ ಸೂರ್ಯಘರ್ ಯೋಜನೆ ಬಂದ ಕೂಡಲೇ 3 ಕಿಲೋವ್ಯಾಟ್ ಹಾಕಿಸಿದೆ. ಒಟ್ಟು 2,05,000. ಸಬ್ಸಿಡಿ 78,000. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಹೇಳದ್ದು ಕೇಳಿ. ಮೀಟರ್ ತೀರಿಹೋದ ಅಪ್ಪನ ಹೆಸರಲ್ಲಿತ್ತು. ಹೆಸರು ಬದಲಾಯಿಸಲು ವಂಶವೃಕ್ಷ, ಮೂವರು ತಮ್ಮಂದಿರ ಒಪ್ಪಿಗೆ. ಒಬ್ಬ ದುಬೈಯಲ್ಲಿ. ಏಳು ವಾರ, 3,400 ರೂಪಾಯಿ, ಹನ್ನೊಂದು ಸಲ ಕಚೇರಿ. ಹಾಕಿದವರು ಸ್ಟ್ಯಾಂಡಿಗೆ ತುಕ್ಕೇ ಹಿಡಿಯುವುದಿಲ್ಲ ಅಂದರು. ಕಡಲು ನಮ್ಮಿಂದ ಅರ್ಧ ಕಿಲೋಮೀಟರ್. ಒಂದೇ ಮಳೆಗಾಲಕ್ಕೆ ಬೋಲ್ಟು ಎಲ್ಲ ಕೆಂಪು. ಸ್ಟೀಲಿನದ್ದು ಹಾಕಿಸಿದೆ, 6,800. ಬೇಸಿಗೆಯಲ್ಲಿ ದಿನಕ್ಕೆ 12 ಯೂನಿಟ್ ಬರುವುದು ಆಟಿಯ ಮಳೆಯಲ್ಲಿ 4. ಒಂದು ದಿನ 0.9 ಬಂದಿತ್ತು, ಫೋಟೋ ತೆಗೆದಿಟ್ಟಿದ್ದೇನೆ. ಆದರೂ ಹೇಳುತ್ತೇನೆ, ಹಾಕಿ.

ಬಿಕರ್ನಕಟ್ಟೆ ಸ್ಕೂಟರ್:
ಕರೆಂಟು ಹೋದಾಗ ನಿಮ್ಮ ಸೋಲಾರ್ ಉರಿಯುತ್ತದಾ?

ಪಡುಬಿದ್ರಿ ಬಿಸಿಲು:
ಇಲ್ಲ. ಬ್ಯಾಟರಿ ಇಲ್ಲದ ಸಿಸ್ಟಮ್, ಲೈನ್ ಹೋದರೆ ಅದೂ ನಿಲ್ಲುತ್ತದೆ. ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದಲ್ಲ.

ಬಿಕರ್ನಕಟ್ಟೆ ಸ್ಕೂಟರ್:
ಹಾಗಾದರೆ ಹಡಗು ನಿಂತ ದಿನ ನೀವೂ ಕತ್ತಲಲ್ಲೇ, ನಾನೂ ಕತ್ತಲಲ್ಲೇ. ನೀವು ಮಾತ್ರ ಎರಡು ಲಕ್ಷ ಕೊಟ್ಟ ಕತ್ತಲಲ್ಲಿ. ನನ್ನ ಕಥೆ ಹೇಳುತ್ತೇನೆ, ನಗಬೇಡಿ. 2021ರಲ್ಲಿ ಪೆಟ್ರೋಲ್ 100 ದಾಟಿತಲ್ಲ, ಆಗ ನಮ್ಮ ಕ್ರಿಕೆಟ್ ಗುಂಪಿನಲ್ಲೂ ಇದೇ ಚರ್ಚೆ. ಎಣ್ಣೆ ಮುಗಿಯಿತು, ಇನ್ನು 200 ಆಗುತ್ತದೆ, ಈಗಲೇ ಬದಲಾಯಿಸಿದವನು ಬುದ್ಧಿವಂತ. ನಾನು ಬುದ್ಧಿವಂತ ಆದೆ. 1,18,000 ಕೊಟ್ಟು ಎಲೆಕ್ಟ್ರಿಕ್ ಸ್ಕೂಟರ್. ಕಂಪನಿ ಹೆಸರು ಬೇಡ. ಮಂಗಳೂರಿನಲ್ಲಿ ಸಪಾಟು ರಸ್ತೆ ಎಲ್ಲುಂಟು? ಬಿಕರ್ನಕಟ್ಟೆ ಏರು, ಕದ್ರಿ ಏರು, ಹಿಂದೆ ಹೆಂಡತಿ, ಮುಂದೆ ಅಕ್ಕಿ ಚೀಲ. 100 ಕಿಲೋಮೀಟರ್ ಅಂದದ್ದು 58ಕ್ಕೆ ನಿಂತಿತು. ಮೂರನೇ ಮಳೆಗಾಲದಲ್ಲಿ ಬ್ಯಾಟರಿ ಹೋಯಿತು. ನೀರು ಹೋಗಿದೆ, ವಾರಂಟಿ ಇಲ್ಲ ಅಂದರು. ಮಳೆಯಲ್ಲಿ ನೀರು ಹೋಗದ ಹಾಗೆ ಮಂಗಳೂರಿನಲ್ಲಿ ಗಾಡಿ ಓಡಿಸುವುದು ಹೇಗೆ ಅಂತ ಕೇಳಿದೆ, ಉತ್ತರ ಇಲ್ಲ. ಹೊಸ ಬ್ಯಾಟರಿಗೆ 62,000. ಪೆಟ್ರೋಲ್ ಇನ್ನೂ ಸಿಗುತ್ತದೆ. ರೇಟ್ ಅಲ್ಲೇ 100ರ ಹತ್ತಿರ ಕೂತಿತ್ತು.

ಸುರತ್ಕಲ್ ರಿಟೈರ್ಡ್:
ಈ 50 ವರ್ಷದ ಲೆಕ್ಕ ಎಲ್ಲಿಂದ ಬಂತು ಅಂತ ಯಾರಾದರೂ ನೋಡಿದ್ದೀರಾ? ಇವತ್ತು ತೆಗೆಯಬಹುದು ಅಂತ ಖಚಿತವಾದ ಎಣ್ಣೆಯನ್ನು ಈ ವರ್ಷದ ಖರ್ಚಿನಿಂದ ಭಾಗಿಸಿದ್ದು, ಅಷ್ಟೇ. 1980ರಲ್ಲಿ ಹೀಗೆ ಭಾಗಿಸಿದರೆ ಸುಮಾರು 30 ವರ್ಷ ಬರುತ್ತಿತ್ತು. ಈಗ ಸುಮಾರು 50. ಮುಗಿಯುವ ವಸ್ತುವಿಗೆ ಆಯುಷ್ಯ ಜಾಸ್ತಿ ಆಗುತ್ತಾ ಹೋಗುವುದು ಹೇಗೆ? ರೇಟ್ ಏರಿದರೆ ಹಿಂದೆ ಬಿಟ್ಟ ಬಾವಿಯಿಂದಲೂ ತೆಗೆಯುತ್ತಾರೆ. 2008ರ ಜುಲೈಯಲ್ಲಿ ಬ್ಯಾರೆಲ್‌ಗೆ 147 ಡಾಲರ್ ಆದಾಗ ನಾನು ಕೆಲಸದಲ್ಲಿದ್ದೆ, ಕ್ಯಾಂಟೀನಿನಲ್ಲಿ ಇದೇ ಬೊಬ್ಬೆ. 2020ರ ಏಪ್ರಿಲ್ 20ಕ್ಕೆ ಅಮೆರಿಕದ ಎಣ್ಣೆಗೆ ಸೊನ್ನೆಗಿಂತ ಕೆಳಗೆ ರೇಟ್. ಇಡಲು ಜಾಗ ಇರಲಿಲ್ಲ.

ಪಾದೂರು ಹುಡುಗ:
ಸರ್, ಅಷ್ಟು ಧೈರ್ಯ ಇದ್ದರೆ ಸರ್ಕಾರ ನಮ್ಮ ಊರಿನ ಬಂಡೆ ಕೊರೆದು 25 ಲಕ್ಷ ಟನ್ ಕಚ್ಚಾ ಎಣ್ಣೆ ಹಿಡಿಯುವ ಗುಹೆ ಯಾಕೆ ಮಾಡಿದ್ದು? ಮಂಗಳೂರಿನಲ್ಲಿ 15 ಲಕ್ಷ ಟನ್ನಿನದ್ದು ಇನ್ನೊಂದು. ವಿಶಾಖಪಟ್ಟಣದ್ದು ಸೇರಿಸಿ ಮೂರೂ ತುಂಬಿಸಿದರೆ ದೇಶಕ್ಕೆ ಸುಮಾರು ಒಂಬತ್ತೂವರೆ ದಿನ. ಐವತ್ತು ವರ್ಷ ಬಿಡಿ, ಹತ್ತನೇ ದಿನದ್ದು ಹೇಳಿ.

ಸುರತ್ಕಲ್ ರಿಟೈರ್ಡ್:
ತಮ್ಮಾ, ಅದು ಯುದ್ಧಕ್ಕೆ, ತುರ್ತಿಗೆ. ಮುಗಿಯುವುದು ಬೇರೆ, ತಡೆಯುವುದು ಬೇರೆ. 1973ರಲ್ಲಿ ಎಣ್ಣೆ ಮುಗಿದದ್ದಲ್ಲ, ಅರಬ್ಬರು ನಿಲ್ಲಿಸಿದ್ದು.

ಪಾದೂರು ಹುಡುಗ:
ಸಿಗದಿದ್ದರೆ ಸಿಗಲಿಲ್ಲ, ಅಷ್ಟೇ ಅಲ್ವಾ? ಗಾಡಿಗೆ ಕಾರಣ ಹೇಳಿದರೆ ಓಡುತ್ತದಾ?

ವಿಟ್ಲ ತೋಟ:
ನಾನು ಭಯ ಬಿದ್ದದ್ದು ಗೊಬ್ಬರಕ್ಕೆ. 2008ರಲ್ಲಿ ಪ್ರಪಂಚದಲ್ಲೆಲ್ಲ ಗೊಬ್ಬರದ ರೇಟ್ ಏರಿತ್ತು. ಅದರ ಮರುವರ್ಷ ಯಾರೋ ಹೇಳಿದರು, ರಂಜಕದ ಕಲ್ಲು ಪ್ರಪಂಚದಲ್ಲೇ ಮುಗಿಯುತ್ತಿದೆ, ಅದು ಇಲ್ಲದೆ ಬೆಳೆ ಇಲ್ಲ. ಅಡಿಕೆ ಮಾರಿದ ದುಡ್ಡು ಕೈಯಲ್ಲಿತ್ತು. 40 ಚೀಲ ಡಿಎಪಿ, ಅಂದರೆ ರಂಜಕ ಇರುವ ಗೊಬ್ಬರ, ತಂದು ಹಳೆ ಹಟ್ಟಿಯಲ್ಲಿ ಪೇರಿಸಿದೆ. ಸುಮಾರು 20 ಸಾವಿರ, ಲಾರಿ ಬಾಡಿಗೆ ಬೇರೆ. ವಿಟ್ಲದ ಮಳೆ ಗೊತ್ತಲ್ಲ. ಅಕ್ಟೋಬರಿನಲ್ಲಿ ನೋಡಿದರೆ ಕೆಳಗಿನ ಎರಡು ಸಾಲು ಮುರಕಲ್ಲಿನ ಹಾಗೆ ಗಟ್ಟಿ. ಪಿಕ್ಕಾಸಿನಲ್ಲಿ ಒಡೆದೆವು. ಆಳಿಗೆ ಮೂರು ದಿನದ ಕೂಲಿ. ಅವನು ಈಗಲೂ ಸಿಕ್ಕಿದರೆ, ಅಣ್ಣೇರೆ, ಗೊಬ್ಬರದ ಗೋಡೆ ಕಟ್ಟುವುದಿಲ್ಲವಾ ಅಂತ ಕೇಳುತ್ತಾನೆ. ಹೊಟ್ಟೆ ಉರಿದದ್ದು ಆಮೇಲೆ. ಎರಡೇ ವರ್ಷಕ್ಕೆ ಮೊರಾಕ್ಕೋದ ರಂಜಕದ ಲೆಕ್ಕವನ್ನು ಅಮೆರಿಕದವರು 570 ಕೋಟಿ ಟನ್ನಿನಿಂದ 5,000 ಕೋಟಿ ಟನ್ನಿಗೆ ಏರಿಸಿದರು. ನೆಲದಲ್ಲಿ ಒಂದು ಕಲ್ಲೂ ಜಾಸ್ತಿ ಆಗಿರಲಿಲ್ಲ. ಕಾಗದದಲ್ಲಿ ಆಯಿತು. ನನ್ನ 40 ಚೀಲ ಮಾತ್ರ ನಿಜವಾಗಿ ಕಲ್ಲಾಯಿತು.

ಸುರತ್ಕಲ್ ರಿಟೈರ್ಡ್:
ನಾನು ಹೇಳಿದ್ದೂ ಅದೇ. 1980ರಲ್ಲಿ ಎರ್ಲಿಕ್ ಅಂತ ಒಬ್ಬರು ಸೈಮನ್ ಅಂತ ಒಬ್ಬರ ಹತ್ತಿರ ಬಾಜಿ ಕಟ್ಟಿದ್ದರು. ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್. ಹತ್ತು ವರ್ಷದಲ್ಲಿ ರೇಟ್ ಏರುತ್ತದೆ ಅಂತ ಎರ್ಲಿಕ್, ಏರುವುದಿಲ್ಲ ಅಂತ ಸೈಮನ್. 1990ಕ್ಕೆ ಸೋತು 576 ಡಾಲರ್ 7 ಸೆಂಟಿನ ಚೆಕ್ ಕಳಿಸಿದರು.

ಪಾದೂರು ಹುಡುಗ:
ಈ ಬಾಜಿಯ ಕಥೆ ಎಷ್ಟನೇ ಸಲ? ಅದೇ ಬಾಜಿಯನ್ನು 2000ದಲ್ಲಿ ಕಟ್ಟಿದ್ದರೆ 2010ಕ್ಕೆ ಸೈಮನ್ ಕಡೆಯವರು ಸೋಲುತ್ತಿದ್ದರು. ಅದನ್ನು ಯಾರೂ ಹೇಳುವುದಿಲ್ಲ.

ಸಂತೆಕಟ್ಟೆ ಹೊಸಮನೆ:
ನಮ್ಮ ಮನೆಯ ಗುಂಪು ಇಲ್ಲಿಗೇ ಬಂದ ಹಾಗಾಯಿತು. ಬಾವಿ ಬಗ್ಗೆ ಯಾರಾದರೂ?

ಪರ್ಕಳ ಮಳೆಕೊಯ್ಲು:
ಅಕ್ಕ, ನಾನು ಹೇಳುತ್ತೇನೆ. 1,200 ಚದರಡಿ ತಾರಸಿ. ನಮ್ಮಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಹತ್ತಿರ ಮಳೆ. ಗುಣಿಸಿ ನೋಡಿ, ನಾಲ್ಕು ಲಕ್ಷ ಲೀಟರ್ ಮೇಲೆ. ಅದನ್ನೆಲ್ಲ ಚರಂಡಿಗೆ ಬಿಟ್ಟು ಮೇಯಲ್ಲಿ ಟ್ಯಾಂಕರ್‌ಗೆ ಫೋನ್ ಮಾಡುವವರು ನಾವು. ಪೈಪು 9,200. ಡ್ರಮ್ಮು ಎರಡು, 1,800. ಜಲ್ಲಿ, ಇದ್ದಿಲು 1,500. ಹೊಯಿಗೆ ಎರಡು ಬುಟ್ಟಿಗೆ ಹತ್ತು ಜನರ ಕೈಕಾಲು ಹಿಡಿಯಬೇಕಾಯಿತು, ಕೊನೆಗೆ ಎಂ ಸ್ಯಾಂಡ್ ಹಾಕಿದೆ. ಅದು ತೊಳೆಯದೆ ಹಾಕಿದ್ದು ನನ್ನದೇ ತಪ್ಪು, 20 ದಿನ ಬಾವಿ ಬೂದಿ ಬಣ್ಣ. ಮೊದಲ ವರ್ಷ ಸೆಪ್ಟೆಂಬರಿನಲ್ಲಿ ಬಾವಿ ಕೈಗೆ ಸಿಗುವಷ್ಟು ತುಂಬಿತು. ಊರಿಗೆಲ್ಲ ತೋರಿಸಿದೆ. ಫೆಬ್ರವರಿಗೆ ಮೊದಲಿನಷ್ಟೇ! ಮುರಕಲ್ಲು ನೋಡಿ, ತೂತು ತೂತು. ನಾನು ತುಂಬಿಸಿದ ನೀರು ಇಳಿಜಾರಿನಲ್ಲಿ ಕೆಳಗಿನ ಮನೆಯ ಬಾವಿಗೆ ಹೋಗಿದೆ. ಅವರ ಬಾವಿ ಈಗ ಮೇಯಲ್ಲೂ ಬತ್ತುವುದಿಲ್ಲ. ಪೈಪಿನ ಖರ್ಚಲ್ಲಿ ಅರ್ಧ ಕೊಡಿ ಅಂತ ತಮಾಷೆಗೆ ಕೇಳಿದೆ. ಅವರು ಮಾತು ಬಿಟ್ಟರು. ನೀರೂ ಹೋಯಿತು, ನೆರೆಯೂ ಹೋಯಿತು.

ಬೋಳಾರ ಫ್ಲಾಟ್:
ಬಾವಿ ಇದ್ದವರ ಗೋಳು ಕೇಳಿದರೆ ನಗು ಬರುತ್ತದೆ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದಾಗ ಮಂಗಳೂರಿಗೆ ಪಾಳಿಯಲ್ಲಿ ನೀರು ಬಿಟ್ಟರು. ಎಣ್ಣೆ ಶುದ್ಧ ಮಾಡುವ ಎಮ್ಮಾರ್ಪಿಎಲ್‌ನವರೇ ನೀರಿಲ್ಲದೆ ಕೆಲವು ಘಟಕ ನಿಲ್ಲಿಸಿದರು. ಎಣ್ಣೆ ಮುಗಿಯುತ್ತದೆ ಅಂತ ಜಗಳ ಆಡುವವರು ಅದನ್ನು ನೆನಪಿಟ್ಟುಕೊಳ್ಳಿ. ಎಣ್ಣೆ ಇತ್ತು, ಶುದ್ಧ ಮಾಡಲು ನೀರಿರಲಿಲ್ಲ. ನಮ್ಮ ಫ್ಲಾಟಿನಲ್ಲಿ 36 ಮನೆ, ದಿನಕ್ಕೆ ಮೂರು ಟ್ಯಾಂಕರ್. ಮನೆಗೆ ತಿಂಗಳಿಗೆ 1,900 ಹೆಚ್ಚು. ಐದನೇ ಮಹಡಿಯ ಒಬ್ಬರು ಕೊಡಲಿಲ್ಲ, ಈಗಲೂ ಬಾಕಿ.

ವಿಟ್ಲ ತೋಟ:
ಹೊಳೆ ನೀರು ಘಟ್ಟದ ಮೇಲಕ್ಕೆ ಹೋದರೆ ಇನ್ನೆಂತ? ಎತ್ತಿನಹೊಳೆ ಯೋಜನೆಯಲ್ಲಿ ಕೋಲಾರದ ಕಡೆಗೆ 24 ಟಿಎಂಸಿ.

ಕೋಲಾರದಿಂದ ಬಂದವ:
ಮಂಗಳೂರಿಗೆ ಬಂದು ಹದಿನಾಲ್ಕು ವರ್ಷ ಆಯಿತು. ನಮ್ಮೂರಲ್ಲಿ ಬೋರ್ 1,200 ಅಡಿ ಹೋದರೂ ಧೂಳು. ನೀವು 4,000 ಮಿಲಿಮೀಟರ್ ಮಳೆ ಸಮುದ್ರಕ್ಕೆ ಬಿಟ್ಟು ನಮಗೆ 24 ಟಿಎಂಸಿ ಲೆಕ್ಕ ಹೇಳುತ್ತೀರಿ.

ವಿಟ್ಲ ತೋಟ:
ಸಮುದ್ರಕ್ಕೆ ಹೋದ ನೀರು ದಂಡ ಅಂತ ಯಾರು ಹೇಳಿದ್ದು? ಮೀನಿನವರನ್ನು ಕೇಳಿ. ಮೇಯಲ್ಲಿ ನಮ್ಮ ತೋಡಿಗೆ ಬನ್ನಿ, ಕಾಲು ಒದ್ದೆಯಾದರೆ ಹೇಳಿ.

ಪರ್ಕಳ ಮಳೆಕೊಯ್ಲು:
ತೋಟದವರೇ, ತೋಡು ಒಣಗಿದ್ದು ಹೊಳೆ ತಿರುಗಿಸಿದ್ದರಿಂದ ಮಾತ್ರವಾ? ಹಿಂದೆ ಡಿಸೆಂಬರಿನಲ್ಲಿ ಎಲ್ಲರೂ ಸೇರಿ ತೋಡಿಗೆ ಅಡ್ಡ ಕಟ್ಟ ಕಟ್ಟುತ್ತಿದ್ದರು. ಈಗ ಯಾರು ಕಟ್ಟುತ್ತಾರೆ? ಎಲ್ಲರಿಗೂ ಬೋರ್, ಎಲ್ಲರಿಗೂ ಸ್ಪ್ರಿಂಕ್ಲರ್.

ವಿಟ್ಲ ತೋಟ:
ನಮ್ಮಲ್ಲಿ ಈಗಲೂ ಕಟ್ಟುತ್ತೇವೆ. ಕೆಳಮನೆಯವರ ಹತ್ತಿರ ಪೈಪಿನ ದುಡ್ಡು ಕೇಳಿದ ನಿಮ್ಮಿಂದ ಪಾಠ ಬೇಡ.

ಪರ್ಕಳ ಮಳೆಕೊಯ್ಲು:
ತಮಾಷೆಗೆ ಅಂತ ಬರೆದದ್ದು ಕಾಣಲಿಲ್ಲವಾ? ಓದದೆ ಉತ್ತರ ಕೊಡುವುದು ಒಂದು ರೋಗ.

ಬಿಕರ್ನಕಟ್ಟೆ ಸ್ಕೂಟರ್:
ಬ್ಯಾಟರಿ ಬಿಚ್ಚಿ ಸೆಲ್ ಬದಲಾಯಿಸುವವರು ಯಾರಾದರೂ ಗೊತ್ತುಂಟಾ? 62,000 ನನ್ನ ಹತ್ತಿರ ಇಲ್ಲ.

ಬೋಳಾರ ಫ್ಲಾಟ್:
ಪಡುಬಿದ್ರಿಯವರು ಸೋಲಾರ್ ಯಾಕೆ ಹಾಕಬೇಕು ಅಂತ ನಾನು ಕೇಳಬೇಕಿತ್ತು. 200 ಯೂನಿಟ್ ಪುಕ್ಕಟೆ ಉಂಟಲ್ಲ.

ಪಡುಬಿದ್ರಿ ಬಿಸಿಲು:
ಎಲ್ಲರಿಗೂ 200 ಅಲ್ಲ ಮಾರಾಯ್ರೆ. ನಿಮ್ಮ ಹಳೆಯ ಸರಾಸರಿ, ಅದರ ಮೇಲೆ ನೂರಕ್ಕೆ ಹತ್ತು. ನನ್ನ ಸರಾಸರಿ 340, ಹಾಗಾಗಿ ನನಗಿಲ್ಲ. ಇದನ್ನು ನಾನು ಕಳೆದ ತಿಂಗಳೂ ಒಮ್ಮೆ ಬರೆದಿದ್ದೆ.

ಸಂತೆಕಟ್ಟೆ ಹೊಸಮನೆ:
ನಾಳೆ ಬೆಳಿಗ್ಗೆ ಪ್ಲಂಬರ್ ಬರುತ್ತಾನೆ. ತಾರಸಿಯಿಂದ ಬಾವಿಗೆ ನಾಲ್ಕಿಂಚಿನ ಪೈಪ್ ಸಾಕಾ? ಬಾವಿಯ ಕೆಳಗೆ ಇಳಿಜಾರಿನಲ್ಲಿ ನೆರೆಮನೆ ಇಲ್ಲ, ಗದ್ದೆ ಉಂಟು.

ಪರ್ಕಳ ಮಳೆಕೊಯ್ಲು:
ಸಾಕು. ಎಂ ಸ್ಯಾಂಡ್ ತೊಳೆದು ಹಾಕಿ. ಮೊದಲ ಎರಡು ಮಳೆಯ ನೀರು ಹೊರಗೆ ಬಿಡಿ.

ಸುರತ್ಕಲ್ ರಿಟೈರ್ಡ್:
ಎರಡು ಅಲ್ಲ, ಮೂರು.