ಮಳಿಗಾಲದಾಗ ಏರ್ ಪಿಸ್ತೂಲಿನ ಟ್ರಿಗರ್ ಸಡ್ಲ ಆಗೇದ, ಸ್ಪ್ರಿಂಗ್ ಬದಲಿಸ್ಬೇಕೇನ್ರಿ?

ಧಾರವಾಡ್ದಾಕಿ (ವಾಕಡ್, ಪುಣೆ):
ಎಲ್ಲಾರಿಗೂ ನಮಸ್ಕಾರ್ರಿ. ನನ್ನ ಮಗಳು 10 ಮೀಟರ್ ಏರ್ ಪಿಸ್ತೂಲ್ ಹೊಡಿತಾಳ. 2024ರಾಗ ಪ್ಯಾರಿಸ್ ಒಲಿಂಪಿಕ್ಸಿನಾಗ ಸ್ವಪ್ನಿಲ್ ಕುಸಾಳೆ ರೈಫಲ್ಲಿನಾಗ ಕಂಚು ತಂದಾಗ ಇಲ್ಲೆ ಪುಣೇದಾಗ ಹುಡುಗ್ರಿಗೆಲ್ಲಾ ಹುರುಪು ಬಂದಿತ್ತಲ್ಲಾ, ಆಗಿಂದ ಬಾಲೇವಾಡಿ ರೇಂಜಿಗೆ ಹೋಗ್ಲಿಕತ್ತಾಳ. ಪಿಸ್ತೂಲ್ ಸೆಕೆಂಡ್ ಹ್ಯಾಂಡ್ ತೊಗೊಂಡದ್ದು, ಫಾರಿನ್ ಮಾಲು, ಗಾಳಿ ಸಿಲಿಂಡರ್ ಇರೋದು, ಟ್ರಿಗರ್ ಎಲೆಕ್ಟ್ರಾನಿಕ್ ಅಲ್ಲ, ಮೆಕ್ಯಾನಿಕಲ್. ಬ್ಯಾಸಿಗಿ ಮುಗಿಯೂತನಕಾ ಛಂದ ನಡೀತಿತ್ತು. ಮಳಿ ಚಾಲೂ ಆದಾಗಿಂದ ಏನಾಗ್ಯದಂದ್ರ ಟ್ರಿಗರ್ ಒತ್ತಿ ಬೆರಳು ಬಿಟ್ರ ಅದು ಪೂರ್ತಿ ಮುಂದ ಬರವಲ್ದು, ಅರ್ಧಕ್ಕ ನಿಂತಂಗ ಆಗಿ ಆಮ್ಯಾಲ ಸಾವಕಾಶ ಬರ್ತದ, ಮೊದಲನೇ ಸ್ಟೇಜ್ (ಹೊಡಿಯೂಕಿಂತ ಮೊದಲಿನ ಹಗೂರ ಎಳತ) ಎಲ್ಲಿ ಮುಗೀತು ಅನ್ನೋದs ಗೊತ್ತಾಗಂಗಿಲ್ಲ ಅಂತಾಳ. ಹೋದ ಮ್ಯಾಚಿನಾಗ ಇಕ್ವಿಪ್ಮೆಂಟ್ ಕಂಟ್ರೋಲಿನವ್ರು (ಪಿಸ್ತೂಲ್ ತಪಾಸಣಿ ಮಾಡೋರು) ಟ್ರಿಗರಿಗೆ 500 ಗ್ರಾಂ ತೂಕ ಹಾಕಿ ನೋಡಿದ್ರ, ಬಿಡದs ಎತ್ತಬೇಕಾದ್ದು ಎತ್ತಲಿಲ್ಲ, ಮೂರೂ ಸಲ ಟಕ್ ಅಂತ ಬಿಟ್ಟಬಿಡ್ತು. ಅಲ್ಲೇ ಸ್ಕ್ರೂ ತಿರುವಿ ಹ್ಯಾಂಗೋ ಪಾಸ್ ಆತು, ಆದ್ರ ಮನ್ಯಾಗ ಅದs ತೂಕ ಎತ್ತತಿತ್ತು, ಇದ್ ಹ್ಯಾಂಗ?

ನಮ್ಮ ಬಿಲ್ಡಿಂಗಿನಾಗ ಒಬ್ರು ಭೋಸರಿ ಎಂಐಡಿಸಿ ಕಾರ್ಖಾನಿ ಏರಿಯಾದಾಗ ಇದ್ದಾರ, "ಸ್ಯಾಂಪಲ್ ಕೊಡ್ರಿ, ಹಂಗs ಒಂದು ಸ್ಪ್ರಿಂಗ್ ಸುತ್ತಿ ಕೊಡ್ತೇನಿ" ಅಂತಾರ. ನಮ್ಮ ಮೈದುನ "ಅದನ್ನs ಸ್ವಲ್ಪ ಎಳದು ಹಾಕಿದ್ರ ಆತು" ಅಂತಾನ. ಒರಿಜಿನಲ್ ಸ್ಪ್ರಿಂಗ್ ತರಿಸ್ಲಿಕ್ಕೆ ಭಾಳ ದಿನಾ ಹಿಡಿತದಂತ. ಆಕಿ ಮುಂದಿನ ಮ್ಯಾಚ್ ಹತ್ರ ಬಂದದ. ಯಾರರೆ ತಿಳದವ್ರು ಹೇಳ್ರಿ.

ಡೊಂಬಿವಲಿ ಶೆಟ್ರು:
ಅಕ್ಕ, ಮೊದಲು ಒಂದು ಪ್ರಶ್ನೆ. ಲಿವರ್ (ಹೊಡೆಯಲಿಕ್ಕೆ ತಯಾರು ಮಾಡುವ ಹಿಡಿ) ಮುಚ್ಚಿದ ಕೂಡ್ಲೆ ಅಥವಾ ಪಿಸ್ತೂಲಿಗೆ ಸ್ವಲ್ಪ ಕೈ ತಾಗಿದ್ರೆ ತನ್ನಷ್ಟಕ್ಕೇ ಬಿಟ್ಟದ್ದು ಉಂಟಾ? ಒಂದು ಸಲ ಆದ್ರೂ ಹಾಗೆ ಆಗಿದ್ರೆ ಇವತ್ತೇ ನಿಲ್ಲಿಸಿ, ರಿಪೇರಿ ಆಗುವವರೆಗೆ ಹುಡುಗಿಯ ಕೈಗೆ ಕೊಡ್ಬೇಡಿ. ಅದು ಟ್ರಿಗರ್ ಸಡಿಲ ಆದದ್ದಲ್ಲ, ಸಿಯರ್ (ಟ್ರಿಗರ್ ಒತ್ತುವವರೆಗೆ ಹೊಡೆಯುವ ಭಾಗವನ್ನು ತಡೆದಿಡುವ ಸಣ್ಣ ಕೊಂಡಿ) ಸರಿ ಹಿಡೀತಾ ಇಲ್ಲ ಅಂತ ಅರ್ಥ, ಅದಕ್ಕೆ ಸ್ಕ್ರೂ ತಿರುಗಿಸಿ ಅಡ್ಜಸ್ಟ್ ಮಾಡ್ಲಿಕ್ಕೆ ಹೋಗ್ಬಾರ್ದು.

ಇನ್ನು ತೂಕದ್ದು. ಮನೆಯಲ್ಲಿ ಹೇಗೆ ನೋಡಿದ್ದು ಹೇಳಿ. ಮ್ಯಾಚಲ್ಲಿ ಬ್ಯಾರಲ್ ನೇರ ಮೇಲೆ ಮುಖ ಮಾಡಿ ಹಿಡಿದು, ಟ್ರಿಗರಿನ ನಡುವಿಗೆ ತೂಕ ಸಿಕ್ಕಿಸಿ, ಟೇಬಲ್ ಮೇಲಿಂದ ಎತ್ತುದು. ಗಾಳಿ ಚಾರ್ಜ್ ಆಗಿರ್ಲೇಬೇಕು. ತುಂಬ ಜನ ಮನೆಯಲ್ಲಿ ಡ್ರೈ ಫೈರ್ ಮೋಡಲ್ಲಿ (ಗಾಳಿ ಬಿಡದೆ ಬರೀ ಟ್ರಿಗರ್ ಒತ್ತಿ ಅಭ್ಯಾಸ ಮಾಡುದು) ಇಟ್ಟು ನೋಡ್ತಾರೆ, ಕೆಲವು ಪಿಸ್ತೂಲಲ್ಲಿ ಡ್ರೈ ಮೋಡಲ್ಲಿ ಸಿಯರ್ ಮೇಲೆ ಬೀಳುವ ಲೋಡೇ ಬೇರೆ, ಹಾಗಾಗಿ ಇಲ್ಲಿ ಪಾಸ್ ಆದದ್ದು ಅಲ್ಲಿ ಫೇಲ್. ಇನ್ನೊಂದು, ಕೊಕ್ಕೆ ಎಲ್ಲಿ ಸಿಕ್ಕಿಸ್ತೀರಿ ಅಂತ ನೋಡಿ. ಟ್ರಿಗರ್ ತಿರುಗುವ ಪಿನ್ನಿನ ಹತ್ತಿರ ಇಟ್ರೆ ಆರಾಮಲ್ಲಿ ಎತ್ತುತ್ತದೆ, ತುದಿಗೆ ಇಟ್ರೆ ಅದೇ 500 ಗ್ರಾಮಿಗೆ ಬಿಟ್ಟು ಹೋಗ್ತದೆ, ಸ್ಪ್ರಿಂಗ್ ಅದೇ, ಸ್ಕ್ರೂ ಅದೇ. ಕಿರಾಣಿ ಅಂಗಡಿಯ ಅರ್ಧ ಕಿಲೋ ಬಟ್ಟು ತಂದು ಕೊಕ್ಕೆ ಕಟ್ಟಿದ್ರೆ ಕೊಕ್ಕೆ ಸಮೇತ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ನೋಡಿ. ನಾನು ಯಾವಾಗ್ಲೂ 500ಕ್ಕೆ ಸೆಟ್ ಮಾಡುದಿಲ್ಲ, 515-520 ಇಡುದು, ವರ್ಳಿ ರೇಂಜಲ್ಲಿ ಮಳೆಗಾಲದ ಸೆಕೆಗೆ ಟ್ರಿಗರ್ ಸ್ವಲ್ಪ ಆಚೀಚೆ ಆದ್ರೂ ಕಂಟ್ರೋಲಲ್ಲಿ ಎದೆ ಹೊಡ್ಕೊಳ್ಳುದಿಲ್ಲ.

ಧಾರವಾಡ್ದಾಕಿ:
ಇಲ್ರಿ ಅಣ್ಣಾರ, ತಾನs ಎಂದೂ ಬಿಟ್ಟಿಲ್ಲ, ಲಿವರ್ ಹಾಕಿದ್ರ ಗಟ್ಟಿ ಹಿಡಿತದ. ಮನ್ಯಾಗ ನೀವಂದಂಗ ಡ್ರೈ ಮೋಡಿನಾಗs ನೋಡ್ತಿದ್ವಿ. ಇವತ್ತ ಗಾಳಿ ಚಾರ್ಜ್ ಮಾಡಿ, ಛರ್ರಾ (ಪೆಲೆಟ್) ಹಾಕ್ದs, ಪೆಲೆಟ್ ಟ್ರ್ಯಾಪಿನ ಕಡೆ ಜಾಗಾ ಖಾಲಿ ಮಾಡ್ಕೊಂಡು ನಡುವ ತೂಕ ಹಾಕಿ ನೋಡಿದ್ವಿ, ಎರಡು ಸಲ ಎತ್ತಿತು, ಒಂದು ಸಲ ಬಿಡ್ತು. ಒಂದೊಂದು ಸಲ ಒಂದೊಂಥರಾ ಯಾಕಂತ? ಟಾರ್ಚ್ ಬಿಟ್ಟು ನೋಡಿದ್ರ ಟ್ರಿಗರಿನ ಹಿಂದ ಸಣ್ಣ ಸ್ಪ್ರಿಂಗ್ ಕಾಣ್ತದ, ಅದರ ಸುತ್ತ ಚಾದ ಕಲೆ ಇದ್ದಂಗ ಕಂದು ಬಣ್ಣ ಅದ.

ವೆರ್ನಾ ಹುಬ್ಬಳ್ಯಾಂವ (ಗೋವಾ):
ಅಕ್ಕಾರ, ನಾ ವೆರ್ನಾದಾಗ ಸ್ಪ್ರಿಂಗ್ ಕ್ವಾಲಿಟಿ ನೋಡೋ ಕೆಲಸದಾಗ ಅದೀನಿ, ಶೂಟಿಂಗ್ ನಂಗ ಗೊತ್ತಿಲ್ಲ, ಸ್ಪ್ರಿಂಗ್ ಅಷ್ಟs ಗೊತ್ತೈತಿ. ಒಂದು ಮಾತು ಮೊದಲ ಹೇಳ್ತೀನಿ, ಒಮ್ಮೆ ಒಂಥರಾ ಇನ್ನೊಮ್ಮೆ ಇನ್ನೊಂಥರಾ ಅಂದ್ರ ಅದು ಹೆಚ್ಚಾಗಿ ಸ್ಪ್ರಿಂಗ್ ಸೋತದ್ದಲ್ಲ. ಸೋತ ಸ್ಪ್ರಿಂಗ್ ಪ್ರತಿ ಸಲಾನೂ ಒಂದs ನಮೂನಿ ಕಡಿಮಿ ಕೊಡತೈತಿ. ಆಟ ಆಡಸಾಕತ್ತೈತಿ ಅಂದ್ರ ನಡುವ ಏನೋ ತಿಕ್ಕಾಕತ್ತೈತಿ, ಕಸಾ, ಗಟ್ಟಿಯಾದ ಎಣ್ಣಿ, ಜಂಗು, ಇಲ್ಲಾ ಸ್ಪ್ರಿಂಗಿನ ತುದಿ ತನ್ನ ಕುಣಿಯಿಂದ ಸರದೈತಿ.

ಈಗ ಭೋಸರಿಯವ್ರು ಸುತ್ತಿ ಕೊಡ್ತೀನಿ ಅಂದದ್ದು. ಅವ್ರ ಮನಸ್ಸು ಚಲೋ ಐತಿ, ಆದ್ರ ಕಣ್ಣಳತಿಮ್ಯಾಲ "ಹಂಗs" ಅನ್ನೋದು ಸ್ಪ್ರಿಂಗಿನಾಗ ನಡಿಯಂಗಿಲ್ಲ. ಸ್ಪ್ರಿಂಗಿನ ಬಿಗಿ ತಂತಿ ದಪ್ಪದ ನಾಕನೇ ಘಾತಕ್ಕ ಏರತೈತಿ. 0.5 ಎಮ್ಮೆಮ್ ತಂತಿ ಬದ್ಲಿ 0.6 ಹಾಕಿ ಉಳದದ್ದೆಲ್ಲಾ ಅಷ್ಟs ಇಟ್ರ ಬಿಗಿ ಎರಡು ಪಟ್ಟಿಗಿಂತ ಜಾಸ್ತಿ ಆಗತೈತಿ, ಕಣ್ಣಿಗೆ ಎರಡೂ ಒಂದs ಕಾಣ್ತಾವ! ಸುತ್ತಿನ ಅಗಲ ಒಂದಿಷ್ಟು ಹೆಚ್ಚ ಕಡಿಮಿ ಆದ್ರೂ ಹಂಗs, ಅದು ಮೂರನೇ ಘಾತ. ಒಂದು ಸುತ್ತು ಕತ್ತರಿಸಿದ್ರ ಮೆತ್ತಗ ಆಗತೈತಿ ಅಂತ ಭಾಳ ಮಂದಿ ತಿಳದಾರ, ಆಗೂದು ಉಲ್ಟಾ, ಸುತ್ತು ಕಡಿಮಿ ಆದಷ್ಟು ಪ್ರತಿ ಎಮ್ಮೆಮ್ಮಿಗೆ ಬಿಗಿ ಹೆಚ್ಚತೈತಿ, ಉದ್ದ ಅಷ್ಟ ಗಿಡ್ಡ ಆಗತೈತಿ, ಅದಕ್ಕ ಮೊದಲ ಸಡ್ಲ ಅನಿಸಿ ಆಮ್ಯಾಲ ಒಮ್ಮೆಲೆ ಗಟ್ಟಿ ಹತ್ತತೈತಿ. ನಿಮ್ಮ ಮೈದುನ ಅಂದಂಗ ಎಳದು ಹಾಕಿದ್ರ ಒಂದಷ್ಟು ದಿನಾ ಚಲೋ ನಡೀತೈತಿ, ಆಮ್ಯಾಲ ಮತ್ತ ಕುಂದರತೈತಿ, ಅದೂ ಮ್ಯಾಚಿನ ನಡುವs ಕುಂತ್ರ ಹುಡುಗಿ ಏನ್ ಮಾಡಬೇಕ್ರಿ.

ಜಂಗ್ ತಗಿಯಾಕ ಅಂತ ಆಸಿಡ್ಡು, ಟಾಯ್ಲೆಟ್ ಕ್ಲೀನರ್ರು, ರಸ್ಟ್ ರಿಮೂವರ್ರಿನ್ಯಾಗ ನೆನಸಬ್ಯಾಡ್ರಿ, ಕೈ ಮುಗದು ಹೇಳ್ತೀನಿ. ಗಟ್ಟಿ ಸ್ಪ್ರಿಂಗ್ ಉಕ್ಕಿನೊಳಗ ಆಸಿಡ್ಡಿನಿಂದ ಹೈಡ್ರೋಜನ್ ಸೇರಿಕೊಂಡು ಉಕ್ಕು ಪೆಡಸ ಆಗತೈತಿ, ಹೊರಗ ಹೊಳಪು ಬಂದಿರತೈತಿ, ನಾಕ ದಿನದ ಮ್ಯಾಲ ಟಣ್ ಅಂತ ಮುರೀತೈತಿ. ಲೈಟರ್ ಹಚ್ಚಿ ಬಾಗಿಸೂದೂ ಬ್ಯಾಡ, ಈ ಮ್ಯೂಸಿಕ್ ವಾಯರ್ ಅಂತೀವಲ್ಲಾ ಅದು 120 ಡಿಗ್ರಿ ಸುತ್ತಮುತ್ತ ದಾಟಿದ್ರ ತನ್ನ ತಾಕತ್ತು ಬಿಡಾಕ ಚಾಲೂ ಮಾಡತೈತಿ.

ಸ್ಪ್ರಿಂಗ್ ಹೊರಗ ಬಂದ್ರ ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಎರಡೂ ತುದಿ ಸುತ್ತು ನೋಡ್ರಿ. ಮ್ಯಾಲ ಮ್ಯಾಲ ಕಂದು ಬಣ್ಣ ಇದ್ದು ಬಟ್ಟಿಲೆ ಒರಸಿದ್ರ ಹೋತಂದ್ರ ಚಿಂತಿಲ್ಲ. ಸೂಜಿ ಚುಚ್ಚಿದಂಗ ಸಣ್ಣ ಕುಣಿ ಬಿದ್ದಿದ್ರ ಮಾತ್ರ ಆ ಸ್ಪ್ರಿಂಗ್ ನಂಬಬ್ಯಾಡ್ರಿ, ಬಿರುಕು ಅಲ್ಲಿಂದನ ಶುರು ಆಗತೈತಿ.

ಡೊಂಬಿವಲಿ ಶೆಟ್ರು:
ನಾಲ್ಕನೇ ಘಾತದ್ದು ನನಗೂ ಗೊತ್ತಿರ್ಲಿಲ್ಲ ಮಾರಾಯ್ರೆ. ಇಲ್ಲಿ ನಾಗದೇವಿ ಸ್ಟ್ರೀಟಲ್ಲಿ ಡಬ್ಬ ತುಂಬ ಸಣ್ಣ ಸ್ಪ್ರಿಂಗ್ ಸಿಗ್ತದೆ, ನಮ್ಮ ಹುಡುಗರು ಕೆಲವರು ಅಲ್ಲಿಂದ ತಂದು ಟ್ರಿಗರಿಗೆ ಹಾಕ್ಕೊಂಡು ಯಾಕೆ ಗ್ರೂಪ್ ಹರಡ್ತದೆ (ಹೊಡೆದದ್ದು ಒಂದೇ ಕಡೆ ಬೀಳುದಿಲ್ಲ) ಅಂತ ತಲೆ ಕೆಡಿಸ್ಕೊಳ್ತಾರೆ. ಪಾರ್ಟ್ ನಂಬರ್ ಮ್ಯಾನ್ಯುಯಲಿನ ಕೊನೆಯ ಚಿತ್ರದಲ್ಲಿ ಇರ್ತದೆ ಅಕ್ಕ, ಅದೇ ನಂಬರ್ ಕೊಟ್ಟು ಆರ್ಡರ್ ಮಾಡಿ. ಒಂದಲ್ಲ, ಎರಡು ತರಿಸಿ.

ಮುಲುಂಡ್ ರಾಯರು:
ಮೇಡಂ, ನಾನು ಏರ್ ಪಿಸ್ತೂಲ್ ಮತ್ತು .22 ಸ್ಪೋರ್ಟ್ ಪಿಸ್ತೂಲ್ ಎರಡೂ ಇಟ್ಕೊಂಡಿದೀನಿ, ಮಕ್ಕಳಿಗೆ ಹೇಳಿಕೊಡ್ತೀನಿ ಕೂಡ. ವೆರ್ನಾದವರು ಹೇಳಿದ್ದು ನೂರಕ್ಕೆ ನೂರು ಸರಿ, ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. "ಸ್ಪ್ರಿಂಗ್ ಹೊರಗೆ ಬಂದ್ರೆ" ಅಂದ್ರಲ್ಲ, ಅದನ್ನ ನೀವಾಗಿ ಹೊರಗೆ ತೆಗೆಯೋಕೆ ಹೋಗ್ಬೇಡಿ. ಟ್ರಿಗರ್ ಯೂನಿಟ್ಟಿನ ಪಿನ್ ಎಳೆದ್ರೆ ಸ್ಪ್ರಿಂಗ್, ಬಾಲ್, ಸಣ್ಣ ಪ್ಲಂಜರ್ ಎಲ್ಲಾ ಒಂದೇ ಸಲ ಹಾರುತ್ತೆ, ಮತ್ತೆ ಯಾವುದು ಎಲ್ಲಿ ಅಂತ ಗೊತ್ತಾಗಲ್ಲ, ಉಲ್ಟಾ ಕೂರಿಸಿದ್ರೆ ಸಿಯರ್ ಅರ್ಧ ಹಿಡಿಯೋ ಹಾಗಾಗುತ್ತೆ, ಆವಾಗ ನಿಜವಾದ ಅಪಾಯ. ಗ್ರಿಪ್ ತೆಗೆದಾಗ ಎಷ್ಟು ಕಾಣುತ್ತೋ ಅಷ್ಟಕ್ಕೇ ಕೈ ಹಾಕಿ.

ಹೀಗೆ ಮಾಡಿ. ಛರ್ರಾ ಇಲ್ಲ ಅಂತ ನೋಡ್ಕೊಳ್ಳಿ, ಸಿಲಿಂಡರ್ ಬಿಚ್ಚಿ, ಉಳಿದ ಗಾಳಿಯನ್ನ ಟ್ರ್ಯಾಪಿನ ಕಡೆ ಮುಖ ಮಾಡಿ ಹೊರಗೆ ಬಿಡಿ, ಸೇಫ್ಟಿ ಫ್ಲ್ಯಾಗ್ (ಬ್ಯಾರಲ್ ಖಾಲಿ ಇದೆ ಅಂತ ತೋರಿಸೋ ಬಣ್ಣದ ದಾರ) ಹಾಕಿ. ಈಗಿನ ಎಲ್ಲಾ ಸ್ಕ್ರೂಗಳ ಪೊಸಿಷನ್ ಫೋಟೋ ತೆಗೀರಿ, ಮಾರ್ಕರಿನಿಂದ ತಲೆ ಮೇಲೆ ಒಂದು ಗೆರೆ ಎಳೀರಿ, ಇದು ಬಹಳ ಮುಖ್ಯ. ಆಮೇಲೆ ಗ್ರಿಪ್ ತೆಗೆದು ಬಿಳಿ ಟವಲ್ ಮೇಲೆ ಇಡಿ. ಟ್ರಿಗರ್ ಪಿನ್ನಿನ ಸುತ್ತ, ಸ್ಪ್ರಿಂಗ್ ಸಂದಿಯಲ್ಲಿ ಹಳೇ ಎಣ್ಣೆ ಧೂಳು ಸೇರಿ ಗಟ್ಟಿಯಾಗಿ ಕೂತಿರುತ್ತೆ, ಸೆಕೆಂಡ್ ಹ್ಯಾಂಡ್ ಪಿಸ್ತೂಲಲ್ಲಂತೂ ಹಿಂದಿನವರು ಹಾಕಿದ್ದೆಲ್ಲಾ ಅಲ್ಲೇ ಇರುತ್ತೆ. ಮಳೆಗಾಲದಲ್ಲಿ ಅದು ತೇವ ಹಿಡಿದು ಅಂಟಾಗುತ್ತೆ, ಟ್ರಿಗರ್ ಸಾವಕಾಶವಾಗಿ ವಾಪಸ್ ಬರೋದಕ್ಕೆ ನನಗೆ ಮೊದಲ ಅನುಮಾನ ಅದೇ. ಮರದ ಟೂತ್‌ಪಿಕ್, ಮೆತ್ತನೆ ಬ್ರಷ್, ನೂಲು ಬಿಡದ ಬಟ್ಟೆ ಸಾಕು. ಸ್ಪ್ರೇ ಡಬ್ಬ ಒತ್ತಿ ಒಳಗೆಲ್ಲಾ ತೊಳೆಯೋದು ಬೇಡ, ಅದು ಓ-ರಿಂಗ್ (ಗಾಳಿ ಸೋರದ ಹಾಗೆ ತಡೆಯೋ ರಬ್ಬರ್ ಬಳೆ) ಹಾಳು ಮಾಡುತ್ತೆ. ಕೊನೆಗೆ ಗಡಿಯಾರದವರು ಬಳಸೋ ಥರದ ತೆಳು ಸಿಂಥೆಟಿಕ್ ಎಣ್ಣೆಯನ್ನ ಸೂಜಿ ತುದಿಯಲ್ಲಿ ತೊಗೊಂಡು ಪಿನ್ನಿಗೆ ಮುಟ್ಟಿಸಿ, ಅಷ್ಟೇ. ಸಿಯರಿಗೆ ಮ್ಯಾನ್ಯುಯಲಲ್ಲಿ ಏನು ಹೇಳಿದೆಯೋ ಅದು ಮಾತ್ರ. ಸಿಲಿಂಡರ್ ತುಂಬಿಸೋ ಬಾಯಿಗೆ ಪೆಟ್ರೋಲಿಯಂ ಎಣ್ಣೆ ತಾಗಲೇಬಾರದು, 200 ಬಾರ್ ಒತ್ತಡದಲ್ಲಿ ಎಣ್ಣೆ ಹೊತ್ತಿಕೊಳ್ಳೋ ಸಾಧ್ಯತೆ ಇದೆ. ಹಾಗೇ ಆ ಸಿಲಿಂಡರ್ ಮೇಲೆ ಕೆತ್ತಿರೋ ತಾರೀಕೂ ನೋಡ್ಬಿಡಿ, ಸಾಮಾನ್ಯವಾಗಿ 10 ವರ್ಷ ಆಯಸ್ಸು, ಅವಧಿ ಮುಗಿದಿದ್ರೆ ಟ್ರಿಗರ್ ಎಷ್ಟು ಸರಿ ಇದ್ರೂ ಪ್ರಯೋಜನ ಇಲ್ಲ.

ಸ್ಪೇರ್ ಇಟ್ಕೊಳ್ಳಿ ಅಂತ ಶೆಟ್ರು ಹೇಳಿದ್ದು ಸುಮ್ನೆ ಅಲ್ಲ. 2021ರಲ್ಲಿ ಟೋಕಿಯೋದಲ್ಲಿ ಮನು ಭಾಕರ್ ಕ್ವಾಲಿಫಿಕೇಷನ್ ನಡುವೆ ಪಿಸ್ತೂಲ್ ಕೈಕೊಟ್ಟು ನಿಮಿಷಗಟ್ಟಲೆ ಕಳ್ಕೊಂಡ್ರು, 575 ಹೊಡೆದು 12ನೇ ಜಾಗಕ್ಕೆ ನಿಂತ್ರು. ಅದೇ ಹುಡುಗಿ ಪ್ಯಾರಿಸಲ್ಲಿ ಎರಡು ಕಂಚು ತಂದ್ರು. ಮಕ್ಕಳ ಶ್ರಮ ಅಷ್ಟು ಇರುವಾಗ ನಮ್ಮ ಕಡೆಯಿಂದ ಒಂದು ಚಿಕ್ಕ ಸ್ಪ್ರಿಂಗ್ ಕಾರಣಕ್ಕೆ ಅದು ನಿಲ್ಲಬಾರದು ಅನ್ನೋದು ನನ್ನ ಕಳಕಳಿ.

ಪಿಂಪ್ರಿ ಗೆಳೆಯ:
ರಾಯರೇ ಮಧ್ಯೆ ಬರ್ತಿದೀನಿ, .22 ಪಿಸ್ತೂಲಲ್ಲೂ ಇದೇನಾ ಕಥೆ? ನನ್ನ ಅಣ್ಣಂದು ಎರಡು ಮೂರು ರೌಂಡ್ ಆದ್ಮೇಲೆ ಸಿಕ್ಕಾಕೊಳ್ತದೆ, ಮ್ಯಾಗಜಿನ್ ಸ್ಪ್ರಿಂಗ್ ಹೋಗಿದೆ ಅಂತ ಎಲ್ಲರೂ ಹೇಳ್ತಿದಾರೆ.

ಮುಲುಂಡ್ ರಾಯರು:
ಎಲ್ಲರೂ ಮೊದಲು ಮ್ಯಾಗಜಿನ್ ಸ್ಪ್ರಿಂಗಿಗೇ ಬೈಯೋದು. .22 ಗುಂಡಿಗೆ ಮೇಣ ಇರುತ್ತೆ, ಸೀಸ ಮೆತ್ತಗೆ, ಮಸಿ ಜಾಸ್ತಿ, ಚೇಂಬರ್ (ಗುಂಡು ಕೂರೋ ಜಾಗ) ಮತ್ತು ಎಕ್ಸ್ಟ್ರಾಕ್ಟರ್ (ಖಾಲಿ ಕೇಸ್ ಎಳೆದು ತೆಗೆಯೋ ಕೊಕ್ಕೆ) ಕೆಳಗೆ ಅದು ತುಂಬಿಕೊಂಡ್ರೆ ಹೀಗೇ ಆಗುತ್ತೆ. ಮೊದಲು ಎಲ್ಲಿ ಸಿಕ್ಕಿಕೊಳ್ತಿದೆ ನೋಡ್ಲಿ: ಖಾಲಿ ಕೇಸ್ ಹೊರಗೆ ಬರ್ತಿಲ್ಲ ಅಂದ್ರೆ ಎಕ್ಸ್ಟ್ರಾಕ್ಟರ್ ಕಡೆ, ಹೊಸ ಗುಂಡು ಮೇಲೆ ಏರ್ತಿಲ್ಲ ಅಂದ್ರೆ ಮ್ಯಾಗಜಿನ್ ಕಡೆ. ಎರಡು ಮ್ಯಾಗಜಿನ್ ಇದ್ರೆ ಅದಲುಬದಲು ಮಾಡಿದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ. ಆದ್ರೆ ಒಂದು ನೆನಪಿಡಿ, ಮೇಡಮ್ ಅವರದ್ದು 4.5 ಎಂಎಂ ಏರ್ ಪಿಸ್ತೂಲ್, ಲೈಸೆನ್ಸ್ ಪ್ರಶ್ನೆ ಇಲ್ಲ. .22 ಬಂದೂಕಿನ ಲೆಕ್ಕ. 1959ರ ಆರ್ಮ್ಸ್ ಆ್ಯಕ್ಟ್ 5ನೇ ಸೆಕ್ಷನ್ನಿನಲ್ಲಿ ರಿಪೇರಿ ಕೂಡ ಲೈಸೆನ್ಸ್ ಇದ್ದವರ ಕೆಲಸ ಅಂತಲೇ ಇದೆ. ಕ್ಲೀನಿಂಗ್ ಅಣ್ಣ ಮಾಡ್ಲಿ, ಸ್ಪ್ರಿಂಗ್ ಬದಲಿಸೋದು ಲೈಸೆನ್ಸ್ ಇರೋ ಆರ್ಮರರ್ ಹತ್ರ. ಮತ್ತೆ ಖಾಲಿ ಚೇಂಬರಲ್ಲಿ ಟಕ್ ಟಕ್ ಅಂತ ಡ್ರೈ ಫೈರ್ ಮಾಡೋದು ಬೇಡ, ಹೆಚ್ಚಿನ .22ಗಳಲ್ಲಿ ಫೈರಿಂಗ್ ಪಿನ್ ಚೇಂಬರಿನ ಅಂಚಿಗೆ ಬಡಿಯೋ ಸಾಧ್ಯತೆ ಇದೆ.

ಧಾರವಾಡ್ದಾಕಿ:
ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ರಾಯರು ಹೇಳಿದಂಗ ಫೋಟೋ ತಗದು, ಗೆರಿ ಹಾಕಿ, ಗ್ರಿಪ್ ಬಿಚ್ಚಿದ್ವಿ. ಟ್ರಿಗರ್ ಪಿನ್ನಿನ ಬುಡಕ ಬೆಲ್ಲದ ಪಾಕ ಗಟ್ಟಿ ಆದಂಗ ಕಂದು ಗ್ರೀಸು, ಅದರಾಗ ನೀಲಿ ನೂಲಿನ ಎಳಿ, ಪಿಸ್ತೂಲ್ ಒರಸೋ ಬಟ್ಟೀದು ಇರಬೇಕು. ಟೂತ್‌ಪಿಕ್ಕಿಲೆ ತಗದು ಒರಸಿದ ಮ್ಯಾಲ ಟ್ರಿಗರ್ ಬೆರಳಿನ ಹಿಂದs ಹಿಂದs ಬರ್ತದ! ಚಾರ್ಜ್ ಮಾಡಿ ನಡುವ ತೂಕ ಹಾಕಿದ್ರ ಪ್ರತಿ ಸಲಾನೂ ಎತ್ತತದ. ಮ್ಯಾಚಿನಾಗ ತಿರುವಿದ ಸ್ಕ್ರೂನಿಂದ ಈಗ ಉಲ್ಟಾ ಜಡ ಆಗಿತ್ತು, ಆಕಿ ಕೋಚ್ ಮುಂದ ಕುಂತು 515ಕ್ಕ ತಂದಾರ. ಸ್ಪ್ರಿಂಗ್ ಝೂಮ್ ಮಾಡಿ ನೋಡಿದ್ವಿ, ಕಂದು ಬಣ್ಣ ಎಲ್ಲಾ ಗ್ರೀಸಿಂದs, ಒರಸಿದ ಮ್ಯಾಲ ತಂತಿ ಬೆಳ್ಳಗ ಅದ, ಆದ್ರ ತುದಿ ಸುತ್ತಿನ ಮ್ಯಾಲ ಒಂದು ಸಣ್ಣ ಚುಕ್ಕಿ ಕುಣಿ ಕಂಡಂಗ ಆಗ್ತದ. ಎರಡು ಒರಿಜಿನಲ್ ಆರ್ಡರ್ ಹಾಕೇವಿ, ಬಂದ ಮ್ಯಾಲ ಕೋಚ್ ಹೇಳಿದಲ್ಲೆ ಕೊಟ್ಟು ಹಾಕಸ್ತೇವಿ. ಅಲ್ಲಿತನಕಾ ದಿನಾ ಶುರು ಮಾಡೂ ಮೊದಲ ತೂಕ ಹಾಕಿ ನೋಡ ಅಂತ ಆಕಿಗೆ ಹೇಳೇನಿ.

ಇನ್ನೊಂದು ಕೇಳೋದಿತ್ತು, ರೇಂಜಿನಿಂದ ಬಂದ ಮ್ಯಾಲ ಕೇಸಿನಾಗs ಇಡ್ತಾಳ, ಒಳಗ ಸ್ಪಂಜ್ ಅದ. ಅದು ಸರಿ ಏನ್ರಿ?

ವೆರ್ನಾ ಹುಬ್ಬಳ್ಯಾಂವ:
ಆ ಸ್ಪಂಜs ಮಳಿಗಾಲದಾಗ ವೈರಿ ನೋಡ್ರಿ. ಕೈ ಬೆವರು, ಹೊರಗಿನ ಥಂಡಿ ಎಲ್ಲಾ ಹೀರಿಕೊಂಡು ಲೋಹಕ್ಕ ಹಚ್ಚಿಕೊಂಡs ಇರತೈತಿ. ಇಲ್ಲಿ ಗೋವಾದಾಗ ಸಮುದ್ರದ ಉಪ್ಪುಗಾಳಿಗೆ ನಮ್ಮ ಸ್ಯಾಂಪಲ್ ಸ್ಪ್ರಿಂಗ್ ಒಂದು ರಾತ್ರಿ ಬರೇ ಕೈಯಿಂದ ಮುಟ್ಟಿ ಇಟ್ರ ಮುಂಜಾನೆ ಬೆರಳಿನ ಗುರುತು ಮೂಡಿರತೈತಿ. ಬಂದ ಕೂಡ್ಲೆ ಒರಸಿ, ಒಂದಷ್ಟು ಹೊತ್ತು ಮನ್ಯಾಗ ಫ್ಯಾನ್ ಗಾಳಿಗೆ ಬಿಟ್ಟು, ಆಮ್ಯಾಲ ಒಣಾ ಹತ್ತಿ ಬಟ್ಟ್ಯಾಗ ಸುತ್ತಿ ಕೇಸಿನಾಗ ಇಡ್ರಿ, ಸಿಲಿಕಾ ಜೆಲ್ ಪಾಕೀಟು ಹಾಕ್ರಿ. ಬಣ್ಣ ಬದಲಾಗೋ ನಮೂನಿದು ತೊಗೊಳ್ರಿ, ಬಣ್ಣ ತಿರುಗಿತಂದ್ರ ಒಣಗಿಸಿ ಮತ್ತ ಹಾಕಾಕ ಬರತೈತಿ.

ಡೊಂಬಿವಲಿ ಶೆಟ್ರು:
ಮತ್ತೆ ಕಾಕ್ ಮಾಡಿ (ಹೊಡೆಯಲಿಕ್ಕೆ ತಯಾರು ಸ್ಥಿತಿಯಲ್ಲಿ) ಇಡ್ಬೇಡಿ ಅಕ್ಕ. ಲಿವರ್ ತೆಗೆದು ಫ್ಲ್ಯಾಗ್ ಹಾಕಿ, ಸ್ಪ್ರಿಂಗಿಗೆ ಲೋಡ್ ಇಲ್ಲದ ಹಾಗೆ ನಿಮ್ಮ ಮಾಡೆಲಲ್ಲಿ ಹೇಗೆ ಇಡುದು ಅಂತ ಮ್ಯಾನ್ಯುಯಲಲ್ಲಿ ಬರ್ದಿರ್ತದೆ, ಒಂದು ಸಲ ಮಗಳಿಗೂ ಓದ್ಲಿಕ್ಕೆ ಕೊಡಿ. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಹಳೆ ಸ್ಕ್ರೂ ಸೆಟ್ಟಿಂಗ್ ನಡಿಯುದಿಲ್ಲ, 500ರಿಂದ ಮೇಲಕ್ಕೆ ಮತ್ತೆ ಹೊಸತಾಗಿ ಕೂರಿಸ್ಬೇಕು. ಅದಕ್ಕೆ ಮ್ಯಾಚಿನ ಹಿಂದಿನ ದಿನ ಹಾಕಿಸ್ಬೇಡಿ, ಪ್ರಾಕ್ಟೀಸಿಗೆ ಒಂದು ವಾರ ಆದ್ರೂ ಸಿಗ್ಲಿ ಅವಳಿಗೆ.