ಪದಚರ್ಚೆ: ‘ಫ್ರೀ ಏಜೆಂಟ್’, ‘ಪೋಸ್ಟಿಂಗ್’ – ಬೇಸ್‌ಬಾಲ್ ಚೌಕಾಸಿಯ ಪದಗಳು

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್ ಸುದ್ದಿಗಳ ಅನುವಾದದಲ್ಲಿ ‘ಫ್ರೀ ಏಜೆಂಟ್’ಗೆ ‘ಸ್ವತಂತ್ರ ಏಜೆಂಟ್’, ತಾರಾ ಆಟಗಾರನಿಗಾಗಿ ತಂಡಗಳು ನಡೆಸುವ ಪೈಪೋಟಿಗೆ ‘ಹರಾಜು’, ‘ಡಿಫರ್ಡ್’ ಹಣಕ್ಕೆ ‘ಬಾಕಿ ವೇತನ’ ಎಂದು ಬಳಸಬಹುದೇ? ‘ಪೋಸ್ಟಿಂಗ್’ಗೆ ಏನನ್ನುವುದು?

ಉತ್ತರ: ಮೂರೂ ಬೇಡ ಸರ್. ‘ಫ್ರೀ ಏಜೆಂಟ್’ ಎಂದರೆ ತನಗೆ ಬೇಕಾದ ತಂಡದೊಡನೆ ಒಪ್ಪಂದ ಮಾಡಿಕೊಳ್ಳಬಲ್ಲ ಆಟಗಾರ. ಮೊದಲನೆಯದನ್ನು ಒಪ್ಪಿದರೆ ‘ಸ್ವತಂತ್ರ ಏಜೆಂಟ್ ಹುವಾನ್ ಸೋಟೊ ಅವರ ಏಜೆಂಟ್ ಸ್ಕಾಟ್ ಬೋರಾಸ್’ ಎಂದು ಬರೆಯಬೇಕಾಗುತ್ತದೆ. ಆಡುವವರು ಯಾರು, ಅವರ ಪರ ಮಾತಾಡುವವರು ಯಾರು ತಿಳಿಯದು. ‘ಒಪ್ಪಂದ ಮುಗಿದ ಆಟಗಾರ’ ಎನ್ನುವುದೂ ತಪ್ಪು. ಅಮೆರಿಕದ ಅಗ್ರ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಆರು ವರ್ಷದ ಸೇವೆ ತುಂಬುವ ತನಕ, ಆ ವರ್ಷದ ಕರಾರು ಮುಗಿದರೂ ಆಟಗಾರನ ಮೇಲೆ ತಂಡದ ಹಕ್ಕು ಉಳಿದೇ ಇರುತ್ತದೆ. (172 ದಿನಕ್ಕೆ ಒಂದು ಸೇವಾವರ್ಷ. 2015ರಲ್ಲಿ ಕಬ್ಸ್ ತಂಡದ ಕ್ರಿಸ್ ಬ್ರಯಂಟ್‌ಗೆ ಸಿಕ್ಕಿದ್ದು 171! ಆ ಒಂದು ದಿನದಿಂದ ಅವರ ಬಿಡುಗಡೆ ಒಂದು ವರ್ಷ ತಡವಾಯಿತು.) ಕಳೆಯಬೇಕಾದದ್ದು ಹಕ್ಕು, ಆದ್ದರಿಂದ ‘ಮುಕ್ತ ಆಟಗಾರ’.

‘ಹರಾಜು’ ನಮಗೆ ಐಪಿಎಲ್ ಹಚ್ಚಿದ ರೂಢಿ. ಅಲ್ಲಿ ಹೆಚ್ಚು ಕೂಗಿದ ತಂಡಕ್ಕೆ ಆಟಗಾರ. ಇಲ್ಲಿ ಕಡಿಮೆ ಹಣದ ತಂಡವನ್ನೂ ಆತ ಆರಿಸಿಕೊಳ್ಳಬಹುದು; ವರ್ಷ, ಹಣ, ಷರತ್ತು ಮೂರರ ಮೇಲೂ ಎಳೆದಾಟ. 2024ರ ಡಿಸೆಂಬರ್‌ನಲ್ಲಿ ಮೆಟ್ಸ್ ತಂಡ ಸೋಟೊಗೆ 15 ವರ್ಷಕ್ಕೆ 76.5 ಕೋಟಿ ಡಾಲರ್ ಒಪ್ಪಿತು. 2029ರ ನಂತರ ಅವರು ಕರಾರು ಬಿಟ್ಟುಹೋಗಬಹುದು. ಕೊನೆಯ ಹತ್ತು ವರ್ಷಗಳ ಸಂಬಳಕ್ಕೆ ವರ್ಷಕ್ಕೆ 40 ಲಕ್ಷ ಸೇರಿಸಿದರೆ ಮೆಟ್ಸ್ ಆ ಹಕ್ಕನ್ನು ರದ್ದುಮಾಡಬಹುದು. ಇದು ಚೊಕ್ಕ ಚೌಕಾಸಿ. ಸಂತೆಯ ಮಾತು ಅನಿಸಿದರೆ ‘ಮಾತುಕತೆ’ ಎನ್ನಿ. ‘ಆಪ್ಟ್ ಔಟ್’ಗೆ ‘ಬಿಟ್ಟುಹೋಗುವ ಹಕ್ಕು’ ಸಾಕು.

‘ಬಾಕಿ’ ಎಂದರೆ ಗಡುವು ದಾಟಿಯೂ ಕೊಡದ ಹಣ. ತಂಡದ ಮೇಲೆ ಇಲ್ಲದ ಆರೋಪ ಬಂದುಬಿಡುತ್ತದೆ. ಡಾಡ್ಜರ್ಸ್ ತಂಡದ ಜೊತೆ ಶೋಹೆ ಒಹ್ತಾನಿ ಅವರ ಒಪ್ಪಂದ 10 ವರ್ಷಕ್ಕೆ 70 ಕೋಟಿ ಡಾಲರ್, ಆದರೆ ಆಡುವ ಕಾಲದಲ್ಲಿ ಕೈಗೆ ಬರುವುದು ವರ್ಷಕ್ಕೆ 20 ಲಕ್ಷ. ಉಳಿದ 68 ಕೋಟಿ 2034ರಿಂದ 2043ರವರೆಗೆ, ಬಡ್ಡಿಯಿಲ್ಲದೆ. ಇದು ‘ಮುಂದೂಡಿದ ವೇತನ’. ಸಂಬಳದ ಮಿತಿ ದಾಟಿದ ತಂಡಗಳಿಗೆ ಲೀಗ್ ಹಾಕುವ ತೆರಿಗೆಯ ಲೆಕ್ಕದಲ್ಲಿ ಇದರ ಬೆಲೆ ವರ್ಷಕ್ಕೆ ಸುಮಾರು 4.6 ಕೋಟಿ. ಹಾಗಾಗಿ ‘ವರ್ಷಕ್ಕೆ 7 ಕೋಟಿ ಸಂಬಳ’ ಎಂದು ಭಾಗಿಸಿ ಬರೆಯಬೇಡಿ.

‘ಪೋಸ್ಟಿಂಗ್’ ಎಂದರೆ ಕನ್ನಡಿಗರಿಗೆ ಸರ್ಕಾರಿ ನೌಕರರ ವರ್ಗಾವರ್ಗಿಯೇ ನೆನಪಾಗುವುದು. ಜಪಾನಿನ ತಂಡ ತನ್ನ ಆಟಗಾರನನ್ನು ಅಮೆರಿಕದವರೊಡನೆ ಮಾತಿಗೆ ಬಿಡುವ ಪದ್ಧತಿ ಅದು. 2006ರಲ್ಲಿ ದೈಸುಕೆ ಮತ್ಸುಝಾಕಾ ಜೊತೆ ಮಾತಾಡುವ ಅವಕಾಶಕ್ಕೇ ಅಮೆರಿಕದ ರೆಡ್ ಸಾಕ್ಸ್ ತಂಡ 5.11 ಕೋಟಿ ಡಾಲರ್ ಬರೆದುಕೊಟ್ಟಿತ್ತು. ಮುಚ್ಚಿದ ಲಕೋಟೆಯ ಆ ಹಳೆಯ ಕ್ರಮಕ್ಕೆ ನಮ್ಮ ‘ಟೆಂಡರ್’ ಸರಿಯಾಗಿ ಕೂರುತ್ತದೆ, ಈಗಿನದಕ್ಕೆ ಇಲ್ಲ. ಈಗ ಯಾವ ತಂಡವಾದರೂ 45 ದಿನ ಮಾತಾಡಬಹುದು. ಜಪಾನಿನ ತಂಡಕ್ಕೆ ಸಲ್ಲುವ ಶುಲ್ಕ ಒಪ್ಪಂದದ ಮೊತ್ತದ ಮೇಲೆ: ಮೊದಲ 2.5 ಕೋಟಿಗೆ ಶೇ 20, ಮುಂದಿನ 2.5 ಕೋಟಿಗೆ ಶೇ 17.5, ಮಿಕ್ಕಿದ್ದಕ್ಕೆ ಶೇ 15. ಜಪಾನಿನ ಒರಿಕ್ಸ್ ತಂಡದಿಂದ ಬಂದ ಯೊಶಿನೊಬು ಯಮಮೊಟೊ ಅವರ 32.5 ಕೋಟಿ ಡಾಲರ್ ಒಪ್ಪಂದಕ್ಕೆ ಇದು 5.06 ಕೋಟಿ ದಾಟುತ್ತದೆ. ‘ಒರಿಕ್ಸ್ ತಂಡ ಯಮಮೊಟೊ ಅವರನ್ನು ಮಾತುಕತೆಗೆ ಬಿಟ್ಟಿತು, ಬಿಡುಗಡೆ ಶುಲ್ಕ ಪಡೆಯಿತು’ ಎಂದರೆ ಓದುಗರಿಗೆ ಅರ್ಥವಾಗುತ್ತದೆ.