ಬೊನ್‌ಫಿಂನಲ್ಲಿ ಯಾವ ಭಾಷೆ ನಡೆಯುತ್ತೆ?

ಜೋಳದರೊಟ್ಟಿ:
ಕೆಲಸದ ಮೇಲೆ ಗಯಾನಾದ ಜಾರ್ಜ್‌ಟೌನ್‌ನಲ್ಲಿದ್ದೇನೆ. ಗಡಿಯೂರು ಲೆಥೆಂವರೆಗೆ ಹೋಗಿ, ಹೊಳೆ ದಾಟಿ ಬ್ರೆಜಿಲ್ ಕಡೆಯ ಬೊನ್‌ಫಿಂ ನೋಡಿ ಬರೋಣ ಅಂತಿದ್ದೇನೆ. ಆ ಪುಟ್ಟ ಊರಲ್ಲಿ ಪೋರ್ಚುಗೀಸ್ ಜೊತೆಗೆ ಮಕುಶಿ, ವಾಪಿಶಾನ ಎಂಬ ಮೂಲನಿವಾಸಿಗಳ ಭಾಷೆಗಳೂ ಅಧಿಕೃತವಂತೆ. ಹಾಗಾದ್ರೆ ಆಫೀಸು, ಅಂಗಡಿಯಲ್ಲೆಲ್ಲ ಅವೇ ಕೇಳಿಸುತ್ತವಾ? ನನಗೆ ಪೋರ್ಚುಗೀಸ್ ಒಂದಕ್ಷರ ಬರಲ್ಲ.

ಅಲೆಮಾರಿ:
ಅಂಗಡಿ, ಹೋಟೆಲಿಗೆ ಪೋರ್ಚುಗೀಸೇ ಬೇಕು ಗುರು. ಫೋನಿನಲ್ಲಿ ಅನುವಾದದ ಆ್ಯಪ್ ಹಾಕಿಕೊಂಡು ಹೋಗಿ. ಲೆಥೆಂನಲ್ಲಿ ಇಂಗ್ಲಿಷ್ ಸಾಕು, ಬೋವಾ ವಿಸ್ತಾದಿಂದ ಬ್ರೆಜಿಲ್‌ನವರು ಅಗ್ಗದ ಬಟ್ಟೆಬರೆಗೆ ಅಲ್ಲಿಗೇ ಬರುವುದರಿಂದ ಅಂಗಡಿಯವರು ಪೋರ್ಚುಗೀಸಲ್ಲೂ ಚೌಕಾಸಿ ಮಾಡುತ್ತಾರೆ. ನೀವು ದಾಟುವುದು ತಕುತು ನದಿ, ಸೇತುವೆ ತೆರೆದದ್ದು 2009ರಲ್ಲಿ. ಗಯಾನಾದಲ್ಲಿ ನಮ್ಮ ಹಾಗೆ ಎಡಗಡೆ ಓಡಿಸುತ್ತಾರೆ, ಬ್ರೆಜಿಲ್‌ನಲ್ಲಿ ಬಲಗಡೆ. ಅದಕ್ಕೇ ಗಯಾನಾ ತುದಿಯಲ್ಲಿ ಒಂದು ರಸ್ತೆ ಇನ್ನೊಂದರ ಅಡಿಯಲ್ಲಿ ನುಸುಳಿ ಆಚೆ ಬದಿಗೆ ಏಳುತ್ತದೆ. ಡ್ರೈವರ್ ಏನೂ ಯೋಚಿಸಬೇಕಿಲ್ಲ, ಸುಮ್ನೆ ರಸ್ತೆ ಹಿಡಿದು ಹೋದರಾಯಿತು. ಇನ್ನೊಂದು, ಡಮುರಿಡಾ ಸಿಕ್ಕರೆ ಬಿಡಬೇಡಿ. ಮೀನಿಗೆ ರಾಶಿ ಮೆಣಸಿನಕಾಯಿ ಹಾಕಿ ಕುದಿಸಿದ ಸಾರು. ಖಾರ ಅಂದ್ರೆ ಖಾರ!

ಪದಕಟ್ಟು:
ಅಧಿಕೃತ ಅಂದ ಕೂಡಲೇ ಊರೆಲ್ಲ ಅದನ್ನೇ ಆಡುತ್ತದೆ ಅಂತಲ್ಲ. ಅದು ಇಡೀ ದೇಶದ ಕಾನೂನೂ ಅಲ್ಲ, 2014ರಲ್ಲಿ ಬೊನ್‌ಫಿಂ ಪುರಸಭೆ ಮಾಡಿಕೊಂಡದ್ದು. ಇಂಥದ್ದಕ್ಕೆ ದಾರಿ ಹಾಕಿದ್ದು ಬ್ರೆಜಿಲ್‌ನದೇ ಅಮೆಜಾನ್ ಕಡೆಯ ಸಾವ್ ಗಾಬ್ರಿಯೆಲ್ ಡಾ ಕಾಶೊಯೆರಾ ಎಂಬ ಊರು, 2002ರಲ್ಲಿ. ಆ ಭಾಷೆಗಳು ಜಾಸ್ತಿ ಕಿವಿಗೆ ಬೀಳುವುದು ಪೇಟೆ ಬಿಟ್ಟು ಸುತ್ತಲಿನ ಹಳ್ಳಿಗಳಲ್ಲಿ. ಎರಡೂ ಅಕ್ಕಪಕ್ಕ ಇದ್ದರೂ ನಂಟಿಲ್ಲ: ಮಕುಶಿ ಕರೀಬ್ ಕುಟುಂಬದ್ದು, ವಾಪಿಶಾನ ಅರವಾಕ್ ಕುಟುಂಬದ್ದು. ಹೊಳೆಯ ಎರಡೂ ದಡದಲ್ಲಿ ಇದೇ ಜನ ಇದ್ದಾರೆ. ಬ್ರೆಜಿಲ್‌ಗೂ ಆಗ ಗಯಾನಾ ಆಳುತ್ತಿದ್ದ ಬ್ರಿಟಿಷರಿಗೂ ಗಡಿ ಜಗಳವಾದಾಗ 1904ರಲ್ಲಿ ತೀರ್ಪು ಕೊಟ್ಟವನು ಇಟಲಿಯ ರಾಜ. ಇಲ್ಲಿಯ ಹುಲ್ಲುಗಾವಲನ್ನು ಕಣ್ಣಲ್ಲೂ ನೋಡದವನು!

ಗಡಿನಾಡು:
ನಮ್ಮದು ಕಾಸರಗೋಡು. ಇಲ್ಲೂ ಕನ್ನಡದಲ್ಲಿ ಅರ್ಜಿ ಕೊಡುವ ಹಕ್ಕಿದೆ. ಆದರೆ ಕೌಂಟರಿನಲ್ಲಿ ಕೂತವರಿಗೆ ಓದಲು ಬರದಿದ್ದರೆ ಹಕ್ಕು ಇಟ್ಟುಕೊಂಡು ಏನು ಮಾಡೋದು? ಅಲ್ಲೂ ಇದೇ ಕಥೆ ಇರಬೇಕಲ್ವಾ?

ಪದಕಟ್ಟು:
ಅದಕ್ಕೇ ನನಗೆ ಶಾಲೆ ಮುಖ್ಯ ಅನಿಸುತ್ತೆ. ಮೂಲನಿವಾಸಿ ಮಕ್ಕಳಿಗೆ ತಾಯ್ನುಡಿಯಲ್ಲೂ ಕಲಿಸಬೇಕು ಅಂತ ಬ್ರೆಜಿಲ್‌ನ 1988ರ ಸಂವಿಧಾನವೇ ಹೇಳಿದೆ. ಬೋವಾ ವಿಸ್ತಾದ ರೊರೈಮಾ ವಿಶ್ವವಿದ್ಯಾಲಯದಲ್ಲಿ ಇನ್ಸಿಕಿರಾನ್ ಅಂತ ಒಂದು ಸಂಸ್ಥೆಯಿದೆ, ಅಲ್ಲಿ ಮೂಲನಿವಾಸಿ ಮೇಷ್ಟ್ರುಗಳನ್ನು ತಯಾರು ಮಾಡುತ್ತಾರೆ. ಅಂಥವರು ಕೌಂಟರಿನಲ್ಲೂ ಕೂತರೆ ಕಾನೂನಿಗೆ ಜೀವ ಬರುತ್ತೆ.

ಜೋಳದರೊಟ್ಟಿ:
ಥ್ಯಾಂಕ್ಸ್ ಎಲ್ಲರಿಗೂ. ಹಾಗಾದ್ರೆ ಪೇಟೆಯಲ್ಲಿ ಒಂದು ಊಟ, ಆಮೇಲೆ ಯಾರಾದರೂ ಕರೆದುಕೊಂಡು ಹೋದರೆ ಒಂದು ಹಳ್ಳಿ. ವೀಸಾ?

ಅಲೆಮಾರಿ:
ಬ್ರೆಜಿಲ್ ವೀಸಾ ಜಾರ್ಜ್‌ಟೌನ್‌ನಲ್ಲೇ ಮಾಡಿಸಿಕೊಳ್ಳಿ, ಸೇತುವೆ ಹತ್ತಿರ ಹೋಗಿ ಕೇಳಿದರೆ ಆಗಲ್ಲ. ಹಳ್ಳಿಗೆ ಹೋಗುವ ಮುಂಚೆ ಅಲ್ಲಿನ ಮುಖಂಡರ ಒಪ್ಪಿಗೆ ಕೇಳಿ.